ಅಸಲಿಯೂ ಅಲ್ಲ, ನಕಲಿಯೂ ಅಲ್ಲ: ‘ಕಸಿ’ ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ.

ಗೆಳೆಯರೊಬ್ಬರು ಅಮೆರಿಕದ ಫೆಂಡರ್ ಕಂಪನಿಯ ಹಳೆಯ ಸ್ಟ್ರಾಟೋಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರೊಂದನ್ನು ಕೊಳ್ಳುವ ಮುನ್ನ ನನಗೆ ತೋರಿಸಲು ತಂದಿದ್ದರು. ಅದು 1966ರದು ಎಂಬುದು ಮಾರುವವರ ಮಾತು. ಕಂಡದ್ದನ್ನು ಕನ್ನಡದಲ್ಲಿ ಬರೆದುಕೊಡಲು ಕುಳಿತಾಗ, ಬೇರೆ ಗಿಟಾರಿನ ಭಾಗ ಕೂಡಿಸಿದ ಗಿಟಾರನ್ನು ಏನೆನ್ನಬೇಕೆಂದು ಒಂದು ಪದಕ್ಕೆ ತಡವರಿಸಿದೆ.

ಈ ಗಿಟಾರಿನ ದಂಡಿಯನ್ನು (ನೆಕ್ ಎನ್ನುವುದಕ್ಕೆ ವೀಣೆಯವರ ಮಾತನ್ನೇ ತಂದಿದ್ದೇನೆ, ಬಿರಡೆ, ಕುದುರೆ, ಮೆಟ್ಟಿಲು ಎಲ್ಲವೂ ಇಲ್ಲಿಗೆ ಚೆನ್ನಾಗಿ ಒಗ್ಗುತ್ತವೆ) ಒಡಲಿಗೆ ಅಂಟಿಸಿರುವುದಿಲ್ಲ, ನಾಲ್ಕು ಸ್ಕ್ರೂ ಹಾಕಿ ನಿಲ್ಲಿಸಿರುತ್ತಾರೆ. ಬಿಚ್ಚಿದಾಗ ದಂಡಿಯ ಬುಡದಲ್ಲಿ ಶಾಯಿಯ ಮುದ್ರೆ ಕಂಡಿತು: 1966ನೇ ಇಸವಿಯದೇ. ಆದರೆ ದನಿ ಏರಿಳಿಸುವ ಪಾಟ್‌ನ ಬೆನ್ನಿನಲ್ಲಿ 1376933 ಎಂದಿತ್ತು. 137 ಎಂಬುದು ಪಾಟ್ ತಯಾರಿಸಿದ ಸಿಟಿಎಸ್ ಕಂಪನಿಯ ಗುರುತು, 69 ಇಸವಿ, 33 ವಾರ. ಪಾಟ್ ಗಿಟಾರಿಗಿಂತ ಹಳೆಯದಾಗಿದ್ದರೆ ತಕರಾರಿಲ್ಲ, ಕಾರ್ಖಾನೆಯಲ್ಲಿ ದಾಸ್ತಾನು ಉಳಿದಿರುತ್ತದೆ; ಮೂರು ವರ್ಷ ಹೊಸದಾಗಿರುವುದು ಹೇಗೆ? ಬೆಸುಗೆಗಳೆಲ್ಲ ಹಳೆಯವೇ, ಪಾಟ್ ಒಂದನ್ನೇ ಬದಲಿಸಿದ ಗುರುತಿಲ್ಲ. ಅಂದರೆ ವಯರಿಂಗ್ ಇಡಿಯಾಗಿ ಇನ್ನೊಂದು ಸ್ಟ್ರಾಟೋಕ್ಯಾಸ್ಟರ್‌ನಿಂದ ಬಂದಿರಬೇಕು. ಬೆನ್ನಿನ ತಗಡಿನ ಕ್ರಮಸಂಖ್ಯೆ 1966ಕ್ಕೆ ಹೊಂದುತ್ತದೆ ನಿಜ, ಆದರೆ ಆ ತಗಡನ್ನು ಹಿಡಿದಿರುವುದೂ ಅದೇ ನಾಲ್ಕು ಸ್ಕ್ರೂ. ಆ ಸಂಖ್ಯೆಯೊಂದನ್ನೇ ನಂಬಿ ಹಣ ಎಣಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇದನ್ನು ‘ಅಸಲಿ’ ಎಂದರೆ ಕೊಳ್ಳುವವರಿಗೆ ಮೋಸ. ‘ನಕಲಿ’ ಎಂದರೆ ಗಿಟಾರಿಗೆ ಅನ್ಯಾಯ. ನಾನು ನೋಡಿದ ಭಾಗಗಳೆಲ್ಲ ಫೆಂಡರ್‌ನವೇ. ‘ನಕಲು’ ಕೂಡ ಹೊಂದದು. ಕಂದಾಯ ಕಚೇರಿಯ ‘ದೃಢೀಕೃತ ನಕಲು’ ಎಂಬಲ್ಲಿ ಆ ಪದಕ್ಕೆ ಕಳಂಕವೇನೂ ಇಲ್ಲ. ಕಂಪನಿಯೇ ತನ್ನ ಹಳೆಯ ಮಾದರಿಯನ್ನು ಮತ್ತೆ ತಯಾರಿಸಿದರೆ ಅದಕ್ಕೆ ಒಪ್ಪೀತು, ಇದಕ್ಕಲ್ಲ. ‘ಬೆರಕೆ’ ಎನ್ನೋಣವೆಂದರೆ, ಬೆರಕೆ ಸೊಪ್ಪಿನ ರುಚಿಗಿಂತ ಮೊದಲು ಕಲಬೆರಕೆ ಎಣ್ಣೆಯೇ ನೆನಪಾಗುತ್ತದೆ.

ಹೀಗಾಗಿ ‘ಕಸಿ’ಯ ಕಡೆಗೆ ನನ್ನ ಒಲವು. ಮೂತ್ರಪಿಂಡ ಕಸಿ ಎನ್ನುವಾಗ ಅಂಗವೂ ನಿಜ, ದೇಹವೂ ನಿಜ, ಎರಡೂ ಒಟ್ಟಿಗೆ ಹುಟ್ಟಿದವಲ್ಲ, ಅಷ್ಟೇ. ಇಲ್ಲಿಯೂ ಹೇಳಬೇಕಾದದ್ದು ಅದನ್ನೇ. ನನ್ನನ್ನು ತಡೆಯುತ್ತಿರುವುದು ಕಸಿ ಮಾವು. ತೋಟದವರ ಬಾಯಲ್ಲಿ ‘ಕಸಿ’ ಎಂದರೆ ಮೇಲುತಳಿ, ಹೆಚ್ಚಿನ ಬೆಲೆ. ಗಿಟಾರಿನಲ್ಲಿ ಭಾಗ ಬದಲಾದರೆ ಬೆಲೆ ಇಳಿಯುತ್ತದೆ. ‘ಕಸಿ ಗಿಟಾರ್’ ಎಂದು ಓದಿದರೆ ನಿಮಗೆ ಮೊದಲು ಹೊಳೆಯುವುದು ಆಸ್ಪತ್ರೆಯೋ, ತೋಟವೋ? ವೀಣೆ, ಹಾರ್ಮೋನಿಯಂ ದುರಸ್ತಿ ಮಾಡುವ ಮನೆಗಳಲ್ಲಿ, ಬೇರೆ ವಾದ್ಯದ ಭಾಗ ಕೂಡಿಸಿದ್ದಕ್ಕೆ ರೂಢಿಯ ಮಾತೇನಾದರೂ ಇದ್ದರೆ ದಯವಿಟ್ಟು ತಿಳಿಸಿ. ಅದನ್ನೇ ಬರೆಯುತ್ತೇನೆ.