ಸಿಂಡ್ರೆಲಾಳ ಅಕ್ಕನ ಕಾಲ್ಬೆರಳು

ಅಕ್ಕ: ನಾರ್ವೆಯ ಸಿನಿಮಾ ಒಂದರ ಟ್ರೇಲರ್ ಕಳಿಸಿದ್ದೇನೆ. ‘ದಿ ಅಗ್ಲಿ ಸ್ಟೆಪ್‌ಸಿಸ್ಟರ್’, 2025ರದ್ದು. ಸಿಂಡ್ರೆಲಾ ಕಥೆಯೇ, ಆದರೆ ಮಲತಾಯಿಯ ಮಗಳ ಕಡೆಯಿಂದ. ಮಕ್ಕಳ ಮುಂದೆ ತೆರೆಯಬೇಡಿ.

ದೊಡ್ಡಮ್ಮ: ಅರ್ಧಕ್ಕೇ ನಿಲ್ಲಿಸಿದೆ. ಅಷ್ಟು ಚೆಂದದ ಕಥೆಗೆ ರಕ್ತ ಬಳಿದಿದ್ದಾರೆ.

ನಾನು: ಬಳಿದವರು ಇವರಲ್ಲ ದೊಡ್ಡಮ್ಮ. ಜರ್ಮನಿಯ ಗ್ರಿಮ್ ಸೋದರರ 1812ರ ಕಥೆ ಪುಸ್ತಕದಲ್ಲೇ ಇದೆ. ಚಿನ್ನದ ಪಾದರಕ್ಷೆ ಹಿಡಿಸದಿದ್ದರೆ ಪಾದದ ಒಂದು ತುಂಡು ಕತ್ತರಿಸಿಕೊಳ್ಳಿ ಎಂದು ತಾಯಿಯೇ ಹೆಣ್ಣುಮಕ್ಕಳ ಕೈಗೆ ಚಾಕು ಕೊಡುತ್ತಾಳೆ. ಸ್ವಲ್ಪ ನೋಯುತ್ತದೆ, ಬೇಗ ಹೋಗುತ್ತದೆ ಎನ್ನುತ್ತಾಳೆ.

ದೊಡ್ಡಪ್ಪ: ನಾವು ಓದಿದ್ದು ಗಾಜಿನ ಪಾದರಕ್ಷೆ, ಕುಂಬಳಕಾಯಿಯ ಸಾರೋಟು.

ನಾನು: ಅದು ಫ್ರಾನ್ಸಿನ ಪೆರೋ 1697ರಲ್ಲಿ ಪ್ರಕಟಿಸಿದ್ದು. 1950ರಲ್ಲಿ ಡಿಸ್ನಿ ಅದನ್ನೇ ಆರಿಸಿಕೊಂಡಿತು.

ದೊಡ್ಡಮ್ಮ: ಹಳೆಯ ಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ತೆರೆಯ ಮೇಲೆ ತೋರಿಸಬೇಕೇ? ಕೇಳುವುದು ಬೇರೆ, ನೋಡುವುದು ಬೇರೆ. ಗೋವಿನ ಹಾಡಿನಲ್ಲೂ ಹುಲಿ ಪ್ರಾಣ ಬಿಡುತ್ತದೆ. ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಡುವಾಗ ಅದರ ಹೆಣವನ್ನು ತೋರಿಸಿದೆನೇ?

ನಾನು: ಆ ಮಾತನ್ನು ಒಪ್ಪುತ್ತೇನೆ. ಹಳೆಯ ಕಥೆಯ ಹೆಸರು ಹಿಡಿದು ಬರೀ ಕೊಡಲಿ ಬೀಸುವ ಸಿನಿಮಾ ನನಗೂ ಬೇಡ. ಆದರೆ ಎಮಿಲಿ ಬ್ಲಿಕ್‌ಫೆಲ್ಟ್ ಮಾಡಿರುವ ಈ ಚಿತ್ರ ಹಾಗಲ್ಲ. ಇದರ ಎಲ್ವಿರಾ, ಅಂದರೆ ಆ ಮಲತಾಯಿಯ ಮಗಳು, ದುಷ್ಟೆಯಲ್ಲ. ಹಲ್ಲಿಗೆ ಕಂಬಿ ಕಟ್ಟಿಸಿಕೊಂಡು, ರಾಜಕುಮಾರನ ಕವಿತೆಗಳನ್ನು ಓದಿ ಕನಸು ಕಾಣುವ ಹುಡುಗಿ. ಅವಳ ಮೂಗನ್ನು ಉಳಿಯಿಟ್ಟು ಒಡೆಯುತ್ತಾರೆ. ಕಣ್ಣಿನ ರೆಪ್ಪೆಗೆ ಸೂಜಿ ಹಾಕಿ ಕೂದಲು ಹೊಲಿಯುತ್ತಾರೆ. ತೆಳ್ಳಗಾಗಲು ಲಾಡಿಹುಳುವಿನ ಮೊಟ್ಟೆಯನ್ನು ಅವಳೇ ನುಂಗುತ್ತಾಳೆ. ಹೊಟ್ಟೆಯೊಳಗಿನ ಸದ್ದು ನಮಗೆ ಕೇಳುತ್ತಲೇ ಇರುತ್ತದೆ, ಸುತ್ತಲಿನವರಿಗೆ ಅವಳ ಚೆಲುವು ಮಾತ್ರ ಕಾಣುತ್ತದೆ. ನೋವನ್ನು ತೋರಿಸದೆ ಬಿಟ್ಟಿದ್ದರೆ ನಾವೂ ಆ ಚೆಲುವನ್ನೇ ಹೊಗಳಿ ಎದ್ದುಬರುತ್ತಿದ್ದೆವು.

ದೊಡ್ಡಪ್ಪ: ಯಾವ ತಾಯಿ ಮಗಳಿಗೆ ಹಾಗೆ ಮಾಡಿಸುತ್ತಾಳೆ?

ಅಕ್ಕ: ಅಪ್ಪ, ಮದುವೆಗೆ ಮೊದಲು ಎರಡು ತಿಂಗಳು ನಾನು ರಾತ್ರಿ ಊಟ ಬಿಟ್ಟಿದ್ದೆ. ಧಾರೆ ಸೀರೆಯ ರವಿಕೆ ತೋಳಿನಲ್ಲಿ ಬಿಗಿಯಾಗಿತ್ತು. ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತೇನೆಂದು ದರ್ಜಿ ಹೇಳಿದ. ಬೇಡ, ಇವಳೇ ಇಳಿಯುತ್ತಾಳೆ ಎಂದರು ಅಮ್ಮ. ಮುಹೂರ್ತದ ಹೊತ್ತಿಗೆ ಕಣ್ಣು ಕತ್ತಲಿಟ್ಟು ಹಸೆಮಣೆಯ ಮೇಲೆ ವಾಲಿದ್ದೆ. ಹೊಗೆಯಿಂದ ಹಾಗಾಯಿತು ಎಂದುಕೊಂಡಿರಿ ಎಲ್ಲರೂ.

ದೊಡ್ಡಮ್ಮ: ಇಷ್ಟು ವರ್ಷ ಏಕೆ ಹೇಳಲಿಲ್ಲ?

ಅಕ್ಕ: ಫೋಟೊ ನೋಡಿದವರೆಲ್ಲ ಎಷ್ಟು ಚೆನ್ನಾಗಿ ಕಾಣುತ್ತೀ ಎನ್ನುತ್ತಿದ್ದರು ಅಮ್ಮ.

ದೊಡ್ಡಮ್ಮ: ಆ ಹುಡುಗಿಗೆ ಕೊನೆಗೆ ಏನಾಗುತ್ತದೆ?

ನಾನು: ಒಡಹುಟ್ಟಿದ ತಂಗಿ ಅವಳ ಹೊಟ್ಟೆಯೊಳಗಿನ ಹುಳುವನ್ನು ಎಳೆದು ತೆಗೆಯುತ್ತಾಳೆ. ಇಬ್ಬರೂ ಮನೆ ಬಿಟ್ಟು ಹೊರಡುತ್ತಾರೆ.

ದೊಡ್ಡಮ್ಮ: ಪುಟ್ಟಿಗೆ ನಾನು ಗಾಜಿನ ಪಾದರಕ್ಷೆಯ ಕಥೆಯನ್ನೇ ಹೇಳುತ್ತೇನೆ, ಅದರಲ್ಲಿ ಬದಲಿಲ್ಲ. ನೀನು ಊರಿಗೆ ಬಂದಾಗ ಈ ಸಿನಿಮಾವನ್ನು ನಾವಿಬ್ಬರೂ ಕೂತು ನೋಡೋಣ. ಆ ರವಿಕೆ ಇನ್ನೂ ನನ್ನ ಬೀರುವಿನಲ್ಲೇ ಇದೆ.