ವರ್ಡ್‌ಪ್ರೆಸ್: ಲಾಗಿನ್ ಆಗಿದ್ದರೂ ಫೆಚ್‌ನಿಂದ ಪೋಸ್ಟ್ ಹಾಕಿದರೆ 401

ಹಳೇಚೆಂಡೆ: ನಮ್ಮೂರ ಯಕ್ಷಗಾನ ಸಂಘದ ಸೈಟಿಗೆ ಆಟಗಳ ವಿವರ ಸೇರಿಸುವ ಫಾರ್ಮ್ ಮಾಡಿದ್ದೇನೆ. ಸಂಘದ ಹಿರಿಯರಿಗೆ ಡ್ಯಾಶ್‌ಬೋರ್ಡ್ ಕಂಡರೆ ತಲೆನೋವು. ಪುಟದಲ್ಲೇ ತಾರೀಕು, ಸ್ಥಳ, ಪ್ರಸಂಗ ತುಂಬಿ ಗುಂಡಿ ಒತ್ತಿದರೆ ಜಾವಾಸ್ಕ್ರಿಪ್ಟಿನ ಫೆಚ್ ಅದನ್ನು ಹಿಂದಿನಿಂದ ರೆಸ್ಟ್ ಎಪಿಐಗೆ (ಪ್ರೋಗ್ರಾಮುಗಳು ವರ್ಡ್‌ಪ್ರೆಸ್ಸಿನೊಂದಿಗೆ ಮಾತಾಡುವ ಬಾಗಿಲು) ಕಳಿಸಬೇಕು. 401, ಅಂದರೆ 'ನೀವು ಯಾರೆಂದು ಗೊತ್ತಿಲ್ಲ' ಎಂಬ ದೋಷ ಬರುತ್ತಿದೆ. ಎಡಿಟರ್ ಆಗಿಯೇ ಲಾಗಿನ್ ಆಗಿದ್ದೇನೆ, ಲಾಗಿನ್ ಗುರುತಿನ ಕುಕಿಯೂ ಹೋಗುತ್ತಿದೆ. ಅಪ್ಲಿಕೇಶನ್ ಪಾಸ್‌ವರ್ಡ್ ಮಾಡಿ ಸ್ಕ್ರಿಪ್ಟಿನಲ್ಲೇ ಬರೆದುಬಿಡಲೇ?

ಮಲ್ನಾಡ್_ಲೂಪ್: ಬೇಡ ಮಾರಾಯ್ರೆ! ಪುಟದ ಸೋರ್ಸ್ ತೆರೆದವರಿಗೆಲ್ಲ ಅದು ಕಾಣುತ್ತದೆ. ವರ್ಡ್‌ಪ್ರೆಸ್ 5.6ರಲ್ಲಿ ಬಂದ ಆ ಸೌಲಭ್ಯ ಹೊರಗಿನ ಪ್ರೋಗ್ರಾಮುಗಳಿಗೆ.

ಕುಕಿ ಒಂದೇ ಸಾಲದು. ನೀವು ಬೇರೆ ಯಾವುದೋ ಸೈಟ್ ನೋಡುತ್ತಿರುವಾಗ ಆ ಪುಟ ನಿಮ್ಮ ಬ್ರೌಸರಿನಿಂದಲೇ ನಿಮ್ಮ ಸೈಟಿಗೆ ಕೋರಿಕೆ ಕಳಿಸಿದರೂ ಕುಕಿ ಜೊತೆಗೆ ಹೋಗಿಬಿಡಬಹುದು. ಕಳಿಸಿದ್ದು ನಿಮ್ಮ ಫಾರ್ಮೇ ಎಂದು ವರ್ಡ್‌ಪ್ರೆಸ್ಸಿಗೆ ಹೇಗೆ ತಿಳಿಯಬೇಕು? ಅದಕ್ಕೇ ನಾನ್ಸ್ (ಪುಟದ ಜೊತೆ ಕೊಡುವ ತಾತ್ಕಾಲಿಕ ಗುರುತಿನ ಸಂಕೇತ) ಇಲ್ಲದೆ ಬಂದರೆ ಲಾಗಿನ್ ಆದವರನ್ನೂ ಅಪರಿಚಿತರೆಂದೇ ಎಣಿಸುತ್ತದೆ. ಪಿಎಚ್‌ಪಿಯಲ್ಲಿ 'ಡಬ್ಲ್ಯೂಪಿ_ರೆಸ್ಟ್' ಹೆಸರಿಗೇ ನಾನ್ಸ್ ಹುಟ್ಟಿಸಿ ಸ್ಕ್ರಿಪ್ಟಿಗೆ ದಾಟಿಸಿ, 'ಎಕ್ಸ್-ಡಬ್ಲ್ಯೂಪಿ-ನಾನ್ಸ್' ಹೆಡರಿನಲ್ಲಿ ಕಳಿಸಿ. ನಿಮ್ಮಿಷ್ಟದ ಹೆಸರು ಕೊಟ್ಟರೆ 403 (ಅನುಮತಿ ಇಲ್ಲ ಎಂಬ ದೋಷ) ಬರುತ್ತದೆ. ನಾನು ಅದರಲ್ಲೇ ಒಂದು ಭಾನುವಾರ ಕಳೆದವ.

ಹಳೇಚೆಂಡೆ: 201 (ಪೋಸ್ಟ್ ಸೃಷ್ಟಿಯಾಯಿತು ಎಂಬ ಉತ್ತರ) ಬಂತು! ಆದರೆ ಸೈಟಿನಲ್ಲಿ ಪೋಸ್ಟೇ ಕಾಣುತ್ತಿಲ್ಲ.

ಮಲ್ನಾಡ್_ಲೂಪ್: ಸ್ಟೇಟಸ್ ಕೊಡದಿದ್ದರೆ ಪ್ರಕಟವಾಗದ ಡ್ರಾಫ್ಟ್ ಆಗಿ ಕೂರುತ್ತದೆ. 'ಪಬ್ಲಿಷ್' ಎಂದು ಕಳಿಸಿ.

ಹಳೇಚೆಂಡೆ: ಆಯಿತು, ಧನ್ಯವಾದ.

ಹಳೇಚೆಂಡೆ: ಎರಡು ದಿನ ಸರಿ ಇತ್ತು, ಇವತ್ತು ಬೆಳಿಗ್ಗೆಯಿಂದ 403. 'ರೆಸ್ಟ್_ಕುಕಿ_ಇನ್‌ವ್ಯಾಲಿಡ್_ನಾನ್ಸ್' ಅಂತಿದೆ. ಕೋಡ್ ಮುಟ್ಟಿಲ್ಲ, ಆಣೆಗೂ.

ಪುಟ್ಟಣ್ಣನ_ಸರ್ವರ್: ನಡುವೆ ಕ್ಯಾಶ್ ಪ್ಲಗಿನ್ (ಒಮ್ಮೆ ತಯಾರಾದ ಪುಟದ ಪ್ರತಿಯನ್ನೇ ಮತ್ತೆ ಮತ್ತೆ ಕೊಡುವಂಥದ್ದು) ಏನಾದರೂ ಹಾಕಿದಿರಾ? ನಾನ್ಸಿನ ಆಯುಷ್ಯ ಹೆಚ್ಚೆಂದರೆ 24 ಗಂಟೆ. ಕ್ಯಾಶ್ ಆದ ಪುಟದಲ್ಲಿ ಹಳಸಿದ್ದೇ ಉಳಿದಿರುತ್ತದೆ.

ಹಳೇಚೆಂಡೆ: ನಿನ್ನೆ ಮಗ ಹಾಕಿದ್ದಾನಂತೆ, ಸೈಟ್ ನಿಧಾನ ಅಂತ. 'ಲಾಗಿನ್ ಆದವರಿಗೂ ಕ್ಯಾಶ್' ಎಂಬುದಕ್ಕೂ ಟಿಕ್ ಹೊಡೆದಿದ್ದಾನೆ.

ಪುಟ್ಟಣ್ಣನ_ಸರ್ವರ್: ಅಲ್ಲೇ ಇದೆ. ನಾನ್ಸ್ ಆಯಾ ಬಳಕೆದಾರರ ಲಾಗಿನ್ನಿಗೆ ಕಟ್ಟಿದ್ದು. ಬೇರೆಯವರಿಗೆ ತಯಾರಾದ ಪುಟ ನಿಮಗೆ ಬಂದರೆ ಅದು ಐದು ನಿಮಿಷ ಹಳೆಯದಾದರೂ ನಡೆಯದು. ಆ ಟಿಕ್ ತೆಗೆಯಿರಿ, ಫಾರ್ಮ್ ಪುಟವನ್ನು ಕ್ಯಾಶಿನಿಂದ ಹೊರಗಿಡಿ, ಇರುವ ಕ್ಯಾಶ್ ಅಳಿಸಿ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ. ಕನ್ನಡ ಶೀರ್ಷಿಕೆಯಿಂದ ತಾನಾಗಿ ಆಗುವ ಸ್ಲಗ್ (ಪೋಸ್ಟಿನ ವಿಳಾಸದಲ್ಲಿ ಬರುವ ಹೆಸರು) ಅರ್ಧಕ್ಕೇ ತುಂಡಾಗುತ್ತದೆ. ಮಿತಿ 200 ಅಕ್ಷರ; ನಮ್ಮ ಲಿಪಿಯ ಒಂದೊಂದು ಚಿಹ್ನೆಗೆ ಅಲ್ಲಿ 9 ಅಕ್ಷರದ ಜಾಗ ಬೇಕು. ಗುಣಿತದ ಚಿಹ್ನೆಗೂ ಬೇರೆ, ಒತ್ತಿಗೂ ಬೇರೆ ಲೆಕ್ಕ. 22 ಚಿಹ್ನೆ ದಾಟುವಷ್ಟರಲ್ಲಿ ಮುಗಿಯಿತು. ತಾರೀಕು, ಊರು ಸೇರಿಸಿ ಇಂಗ್ಲಿಷ್ ಅಕ್ಷರದ ಸ್ಲಗ್ ಒಂದನ್ನು ನೀವೇ ಕಳಿಸಿ.

ಹಳೇಚೆಂಡೆ: ಈಗ ಸರಿಯಾಯಿತು. ಶನಿವಾರದ ಆಟ ಹತ್ತಿತು, ಸ್ಲಗ್ ಸಮೇತ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿದ್ದೇನೆ, ಮಗನಿಗೆ ಹೇಳಿಲ್ಲ.