ಅಪ್ಪನಿಗೆ ಮೆಸೊಥೆಲಿಯೋಮಾ ಇರಬಹುದು ಅಂದಿದ್ದಾರೆ, ಅನುಭವ ಇದ್ದವರು ಹೇಳಿ

ಕೇಳಿದವರು:
ಅಪ್ಪನಿಗೆ ಎಪ್ಪತ್ತು ದಾಟಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ವಯಸ್ಸಾಯಿತು ಅಂದುಕೊಂಡು ಸುಮ್ನಿದ್ದರು. ಎಕ್ಸ್‌ರೇ ತೆಗೆಸಿದಾಗ ಬಲ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ತೆಗೆದರು, ಮತ್ತೆ ತುಂಬಿತು. ಈಗ ಡಾಕ್ಟರು ಮೆಸೊಥೆಲಿಯೋಮಾ ಅನ್ನೋ ಕ್ಯಾನ್ಸರ್ ಇರಬಹುದು, ಬಯಾಪ್ಸಿ ಆಗಬೇಕು ಅನ್ನುತ್ತಿದ್ದಾರೆ. ಹಿಂದೆ ಆಸ್ಬೆಸ್ಟಾಸ್ (ಶಾಖ ತಡೆಯಲು ಬಳಸುತ್ತಿದ್ದ ನಾರಿನಂಥ ಖನಿಜ) ಜೊತೆ ಕೆಲಸ ಮಾಡಿದ್ದರಾ ಅಂತಲೂ ಕೇಳಿದರು. ಅಪ್ಪ ಹುಡುಗರಾಗಿದ್ದಾಗ ಕೆಲವು ವರ್ಷ ಬಾಯ್ಲರ್ ರಿಪೇರಿ ಮಾಡುತ್ತಿದ್ದರು, ಅದನ್ನು ಬಿಟ್ಟು ನಲವತ್ತು ವರ್ಷದ ಮೇಲಾಯಿತು. ಸಿಗರೇಟು ಮುಟ್ಟಿದವರೇ ಅಲ್ಲ. ಇಷ್ಟು ಹಳೆಯದಕ್ಕೆ ಈಗ ಕಾಯಿಲೆ ಬರುತ್ತದಾ? ಮನೆಯಲ್ಲಿ ಇದನ್ನು ಕಂಡವರು ಹೇಳಿ. ಡಾಕ್ಟರ ಹತ್ತಿರ ಏನು ಕೇಳಬೇಕು ಅನ್ನೋದೇ ತೋಚುತ್ತಿಲ್ಲ.

ಅಮ್ಮನನ್ನು ನೋಡಿಕೊಂಡ ಮಗ:
ಬರುತ್ತದೆ. ಇದು ಹಾಗೇ ಬರುವ ಕಾಯಿಲೆ. ದೂಳು ಒಳಗೆ ಹೋಗಿ 20ರಿಂದ 50 ವರ್ಷ ಕಳೆದಮೇಲೆ ತಲೆ ಎತ್ತುತ್ತದೆ. ಸಿಗರೇಟಿಗೂ ಇದಕ್ಕೂ ಸಂಬಂಧವಿಲ್ಲ. ಆಸ್ಬೆಸ್ಟಾಸ್ ದೂಳಿಗೆ ಸಿಗರೇಟೂ ಸೇರಿದರೆ ಹೆಚ್ಚುವುದು ಶ್ವಾಸಕೋಶದ ಕ್ಯಾನ್ಸರ್, ಅದು ಬೇರೆ. ಇದು ಶ್ವಾಸಕೋಶದ ಹೊರಗೆ ಸುತ್ತಿಕೊಂಡಿರುವ ತೆಳು ಪೊರೆಯಲ್ಲಿ ಹುಟ್ಟುತ್ತದೆ. ಎರಡು ಪದರ, ಮಧ್ಯೆ ಚೂರು ಪಸೆ, ನೀರು ತುಂಬುವುದು ಅಲ್ಲೇ. ಕೆಲವರಿಗೆ ಹೊಟ್ಟೆಯ ಪೊರೆಯಲ್ಲೂ ಬರುತ್ತದೆ. ಅದರ ಚಿಕಿತ್ಸೆಯ ದಾರಿಯೇ ಬೇರೆ, ಹಾಗಾಗಿ ಎಲ್ಲಾದರೂ ಓದುವಾಗ ಎದೆಯದ್ದಾ ಹೊಟ್ಟೆಯದ್ದಾ ಅಂತ ಮೊದಲು ನೋಡಿಕೊಳ್ಳಿ.

ನಮ್ಮಮ್ಮ ಯಾವ ಕಾರ್ಖಾನೆಗೂ ಕಾಲಿಟ್ಟವರಲ್ಲ. ಡಾಕ್ಟರು ಆಸ್ಬೆಸ್ಟಾಸ್ ಅಂದಾಗ ಇಡೀ ಮನೆ ಇಲ್ಲ ಅಂತ ತಲೆ ಆಡಿಸಿತು. ಆಮೇಲೆ ಸೋದರಮಾವ ನೆನಪಿಸಿದರು, "ಅಕ್ಕ ದಿನಾ ಸಂಜೆ ಭಾವನ ಅಂಗಿ ಝಾಡಿಸಿ ಒಗೆಯಲು ಹಾಕುತ್ತಿದ್ದಳಲ್ಲ, ಬೆಳ್ಳಗೆ ದೂಳು ಏಳುತ್ತಿತ್ತು, ಕೆಮ್ಮಿಕೊಂಡೇ ಒಳಗೆ ಬರುತ್ತಿದ್ದಳು." ಅಪ್ಪ ಬಿಸಿ ಪೈಪುಗಳಿಗೆ ಹೊದಿಕೆ ಸುತ್ತುವ ಕೆಲಸದಲ್ಲಿದ್ದವರು. ಅವರಿಗೆ ಏನೂ ಆಗಲಿಲ್ಲ, ಅಮ್ಮನಿಗೆ ಆಯಿತು. ಇದೇನೂ ವಿಚಿತ್ರವಲ್ಲವಂತೆ. 1965ರಲ್ಲೇ ಲಂಡನ್ನಿನ ಒಂದು ಅಧ್ಯಯನ, ಆಸ್ಬೆಸ್ಟಾಸ್ ಕೆಲಸದವರ ಮನೆಮಂದಿಯಲ್ಲೂ ಕಾರ್ಖಾನೆ ಹತ್ತಿರ ವಾಸವಿದ್ದವರಲ್ಲೂ ಈ ಕಾಯಿಲೆಯನ್ನು ತೋರಿಸಿತ್ತು. ಅದಕ್ಕೂ ಮುಂಚೆ, 1960ರಲ್ಲಿ, ದಕ್ಷಿಣ ಆಫ್ರಿಕಾದ ನೀಲಿ ಆಸ್ಬೆಸ್ಟಾಸ್ ಗಣಿಗಳ ಸೀಮೆಯಿಂದ 33 ರೋಗಿಗಳ ವರದಿ ಬಂದಿತ್ತು. ಅಷ್ಟು ಹಿಂದೆಯೇ ಗೊತ್ತಿತ್ತು. ಆಮೇಲೂ ಎಷ್ಟೋ ವರ್ಷ ಜನ ಬರಿಗೈಯಲ್ಲಿ ಅದನ್ನೇ ಕಲಸಿದರು, ನೆನೆದರೆ ಈಗಲೂ ಮೈ ಉರಿಯುತ್ತದೆ.

ಇರಲಿ. ನನ್ನ ಮಾತು ಇಷ್ಟೇ, ಬಯಾಪ್ಸಿ ವರದಿ ಪೂರ್ತಿ ಬರುವ ತನಕ ಎಷ್ಟು ತಿಂಗಳು ಅನ್ನೋ ಲೆಕ್ಕಕ್ಕೆ ಕೂರಬೇಡಿ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸಗಳಿವೆ.

ಪೆಥಾಲಜಿ ಲ್ಯಾಬ್‌ನಲ್ಲಿ ಇರುವವರು:
ಬಯಾಪ್ಸಿ ಬಗ್ಗೆ ನಾನು ಸೇರಿಸುತ್ತೇನೆ. ತೆಗೆದ ನೀರಿನಲ್ಲಿ ಕ್ಯಾನ್ಸರ್ ಕಣ ಸಿಗಲಿಲ್ಲ ಅಂತ ವರದಿ ಬಂದರೆ ಖುಷಿಪಟ್ಟು ಬಿಟ್ಟುಬಿಡಬೇಡಿ. ಈ ಕಾಯಿಲೆಯಲ್ಲಿ ನೀರಿನ ಪರೀಕ್ಷೆ ಎಷ್ಟೋ ಸಲ ಕೈಕೊಡುತ್ತದೆ. ಎದೆಯೊಳಗೆ ಸಣ್ಣ ಕ್ಯಾಮೆರಾ ಹಾಕಿ, ಕಣ್ಣಾರೆ ನೋಡಿ, ಪೊರೆಯ ತುಣುಕುಗಳನ್ನು ತೆಗೆಯುವುದಕ್ಕೆ ಥೊರಾಕೊಸ್ಕೋಪಿ ಅನ್ನುತ್ತಾರೆ. ತುಣುಕು ದೊಡ್ಡದಿದ್ದಷ್ಟೂ ನಮಗೆ ಒಳ್ಳೆಯದು. ಯಾಕೆಂದರೆ ಉರಿಯೂತಕ್ಕೆ ಪೊರೆ ದಪ್ಪ ಆದರೂ ಮೈಕ್ರೋಸ್ಕೋಪಿನಲ್ಲಿ ಹೆಚ್ಚೂಕಮ್ಮಿ ಹಾಗೇ ಕಾಣುತ್ತದೆ. ಕಣಗಳು ಪೊರೆ ದಾಟಿ ಕೆಳಗಿನ ಕೊಬ್ಬಿಗೆ ನುಗ್ಗಿವೆಯಾ ಅನ್ನೋದು ಚೂರುಪಾರಿನಲ್ಲಿ ಗೊತ್ತಾಗಲ್ಲ.

ಅದರ ಮೇಲೆ ಇಮ್ಯುನೊಹಿಸ್ಟೋಕೆಮಿಸ್ಟ್ರಿ ಅಂತ ಬಣ್ಣದ ಪರೀಕ್ಷೆಗಳಿವೆ. ಕ್ಯಾಲ್‌ರೆಟಿನಿನ್, ಡಬ್ಲ್ಯೂಟಿ-1 ಇವೆಲ್ಲ ಪಾಸಿಟಿವ್ ಬಂದು ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಟಿಟಿಎಫ್-1 ನೆಗೆಟಿವ್ ಬಂದರೆ ಮೆಸೊಥೆಲಿಯೋಮಾ ಕಡೆ ವಾಲುತ್ತದೆ. ಒಂದೇ ಬಣ್ಣ ನಂಬಿ ಯಾರೂ ಹೇಳುವುದಿಲ್ಲ, ಹಲವಾರು ಒಟ್ಟಿಗೆ ನೋಡುತ್ತೇವೆ, ಅದಕ್ಕೇ ತಡ. ನೀವು ವರದಿಯಲ್ಲಿ ಹುಡುಕಬೇಕಾದದ್ದು ವಿಧ ಯಾವುದು ಅನ್ನೋದು. ಎಪಿಥೆಲಿಯಾಯ್ಡ್, ಸಾರ್ಕೊಮಟಾಯ್ಡ್, ಎರಡೂ ಬೆರೆತ ಬೈಫೇಸಿಕ್. ಎಪಿಥೆಲಿಯಾಯ್ಡ್ ಹೆಚ್ಚು ಜನರಿಗೆ ಬರುವುದು, ಉಳಿದ ಎರಡಕ್ಕಿಂತ ನಿಧಾನ. ವಿಧ ಬರೆದಿಲ್ಲದಿದ್ದರೆ ಕೇಳಿ. ಬ್ಲಾಕು (ಮೇಣದಲ್ಲಿ ಕೂರಿಸಿದ ತುಣುಕು), ಗಾಜಿನ ಸ್ಲೈಡು ಪಡೆದು ಈ ಕಾಯಿಲೆ ಜಾಸ್ತಿ ನೋಡುವ ಕಡೆ ಇನ್ನೊಬ್ಬರಿಗೆ ತೋರಿಸುವುದು ತಪ್ಪೇನಲ್ಲ, ನಮಗೆ ಬೇಜಾರೂ ಇಲ್ಲ.

ಬಾಯ್ಲರ್ ಕೆಲಸ ಮಾಡಿದ ಹಿರಿಯರು:
ನೋಡಮ್ಮ, ನಿಮ್ಮ ಅಪ್ಪನನ್ನು "ಆಸ್ಬೆಸ್ಟಾಸ್ ಕೆಲಸ ಮಾಡಿದ್ರಾ" ಅಂತ ಕೇಳಿದರೆ ಇಲ್ಲ ಅಂದೇ ಅಂದಾರು. ಆಗ ನಮಗೆ ಯಾರೂ ಆ ಹೆಸರು ಹೇಳಿ ಕೊಡುತ್ತಿರಲಿಲ್ಲ. ಹೀಗೆ ಕೇಳು: ಬಾಯ್ಲರ್ ಬಾಗಿಲಿಗೆ ಕೂರಿಸುವ ಬಿಳಿ ಹಗ್ಗ ಇತ್ತಾ? ಹಳೆಯದನ್ನು ಉಳಿಯಿಂದ ಎಬ್ಬಿದರೆ ಪುಡಿ ಉದುರುತ್ತಿತ್ತಾ? ಪೈಪಿನ ಮೇಲೆ ಬಳಿಯುವ ಬಿಳಿ ಗಿಲಾವನ್ನು ಯಾರು ಕಲಸುತ್ತಿದ್ದರು? ಗ್ಯಾಸ್ಕೆಟ್ ಹಾಳೆಯನ್ನು ನೀವೇ ಕತ್ತರಿಸುತ್ತಿದ್ದಿರಾ? ಕೆಲಸ ಮುಗಿದಮೇಲೆ ಒಣ ಪೊರಕೆಯಲ್ಲಿ ಗುಡಿಸುತ್ತಿದ್ದಿರಾ? ಇಷ್ಟು ಕೇಳಿದರೆ ಸಾಕು, ಅವರೇ ಶುರುಮಾಡುತ್ತಾರೆ. ಪಕ್ಕದಲ್ಲಿ ಕೆಲಸ ಮಾಡಿದವರ ಹೆಸರು, ಜಾಗ, ವರ್ಷ, ಸಂಬಳದ ಚೀಟಿ, ಹಳೇ ಫೋಟೋ ಎಲ್ಲ ಸೇರಿಸು. ಅವರು ಸುಸ್ತಾಗುವುದಕ್ಕೆ ಮುಂಚೆ ಅವರ ಬಾಯಿಂದಲೇ ಕೇಳಿ ಬರೆದು ಸಹಿ ಹಾಕಿಸು. ಹಲವು ದೇಶಗಳಲ್ಲಿ ಇದನ್ನು ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿ ಪರಿಹಾರ ಕೊಡುತ್ತಾರೆ, ಆದರೆ ಅರ್ಜಿಗೆ ಗಡುವು ಇರುತ್ತದೆ. ಕಾಯಿಲೆ ಗೊತ್ತಾದ ವಾರದಲ್ಲೇ ಗಡುವು ಯಾವಾಗಿಂದ ಎಣಿಸುತ್ತಾರೆ ಅಂತ ವಿಚಾರಿಸಿಬಿಡು.

ಇನ್ನೊಂದು. ನನ್ನ ಎಕ್ಸ್‌ರೇಯಲ್ಲೂ ಪ್ಲೂರಲ್ ಪ್ಲಾಕ್ ಅಂತ ಕಲೆಗಳಿವೆ. ಅದು ಆ ದೂಳಿನ ಗುರುತು ಅಷ್ಟೇ, ಕ್ಯಾನ್ಸರ್ ಅಲ್ಲ. ದೂಳು ಕುಡಿದವರಲ್ಲಿ ಹೆಚ್ಚಿನವರಿಗೆ ಮೆಸೊಥೆಲಿಯೋಮಾ ಬರುವುದಿಲ್ಲ.

ಕೇಳಿದವರು:
ಕೇಳಿದೆ ಅಂಕಲ್. ಬಿಳಿ ಹಗ್ಗ ಅಂದ ತಕ್ಷಣ ಎದ್ದು ಕೂತರು, ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಎರಡೂ ಕೈಯಲ್ಲಿ ಬಾಗಿಲು ಸರಿಮಾಡುತ್ತಿದ್ದರಂತೆ! ಬರೆದುಕೊಂಡಿದ್ದೇನೆ. ಈಗ ಉಸಿರಿನದ್ದೇ ಚಿಂತೆ. ಪದೇಪದೇ ಸೂಜಿ ಹಾಕಿ ನೀರು ತೆಗೆಸುತ್ತಾ ಇರಬೇಕಾ? ಆಪರೇಷನ್ ಮಾಡಿ ತೆಗೆದುಹಾಕಲು ಆಗಲ್ವಾ? ಚಿಕ್ಕಪ್ಪ ಅಪ್ಪನಿಗೆ ಕಾಯಿಲೆ ಹೆಸರೇ ಹೇಳಬೇಡ ಅನ್ನುತ್ತಿದ್ದಾರೆ.

ಎದೆರೋಗದ ವಾರ್ಡಿನ ನರ್ಸ್:
ಪದೇಪದೇ ಬೇಕಿಲ್ಲ. ಎರಡು ದಾರಿ ಇವೆ. ಒಂದು, ನೀರೆಲ್ಲ ತೆಗೆದು ಎರಡು ಪದರದ ಮಧ್ಯೆ ಟಾಲ್ಕ್ ಪುಡಿ ಬಿಟ್ಟು ಗೋಂದು ಹಾಕಿದ ಹಾಗೆ ಅಂಟಿಸುವುದು, ಪ್ಲೂರೊಡೆಸಿಸ್. ಥೊರಾಕೊಸ್ಕೋಪಿ ಮಾಡುವಾಗಲೇ ಇದನ್ನೂ ಮುಗಿಸಬಹುದು, ಹಾಗಾಗಿ ಬಯಾಪ್ಸಿಗೆ ಮುಂಚೆಯೇ ಕೇಳಿ. ಆದರೆ ಶ್ವಾಸಕೋಶ ಪೂರ್ತಿ ಹಿಗ್ಗಿದರೆ ಮಾತ್ರ ಅಂಟುತ್ತದೆ. ಹಿಗ್ಗದವರಿಗೆ ಎರಡನೆಯದು, ಚರ್ಮದ ಕೆಳಗೆ ಹಾಯಿಸಿ ಕೂರಿಸುವ ಮೆತ್ತನೆಯ ನಳಿಕೆ. ಮನೆಯಲ್ಲೇ ಬಾಟಲಿಗೆ ನೀರು ಇಳಿಸಬಹುದು. ನಾವು ಕಲಿಸಿಕೊಡುತ್ತೇವೆ, ಕೈ ಚೆನ್ನಾಗಿ ತೊಳೆದಿರಬೇಕು. ನೀರು ಇಳಿಯುವಾಗ ಕೆಮ್ಮು, ಎದೆ ಬಿಗಿತ ಬಂದರೆ ನಿಲ್ಲಿಸಿ, ಒಂದೇ ಸಲ ಎಲ್ಲ ಇಳಿಸುವ ಹಟ ಬೇಡ. ಜ್ವರ ಬಂದರೆ, ನಳಿಕೆಯ ಸುತ್ತ ಕೆಂಪಾದರೆ, ನೀರು ಕೀವಿನ ಹಾಗಾದರೆ ಆಸ್ಪತ್ರೆಗೆ ಬನ್ನಿ.

ಉಸಿರು ಕಟ್ಟಿದಾಗ ಮಲಗಿಸಬೇಡಿ. ಮುಂದಕ್ಕೆ ಬಾಗಿ ಮೇಜಿನ ಮೇಲೆ ದಿಂಬಿಟ್ಟು ಕೈ ಊರಿ ಕೂರಲಿ. ಅಂಗೈಯಲ್ಲಿ ಹಿಡಿಯುವ ಪುಟ್ಟ ಫ್ಯಾನ್ ಮುಖಕ್ಕೆ ಹಿಡಿಯಿರಿ. ತಮಾಷೆ ಅನ್ನಿಸಬಹುದು, ಆದರೆ ನಿಜವಾಗಿ ಹಾಯ್ ಅನ್ನಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಡಾಕ್ಟರು ಚೂರೇ ಚೂರು ಮಾರ್ಫಿನ್ ಕೊಡಬಹುದು. ಮಾರ್ಫಿನ್ ಅಂದರೆ ಕೊನೆಗಾಲ ಅಂತ ಮನೆಯವರು ಬೆಚ್ಚಿಬೀಳುತ್ತಾರೆ, ಹಾಗೇನಿಲ್ಲ. ಮಲಬದ್ಧತೆ ಮಾತ್ರ ಸಾಮಾನ್ಯವಾಗಿ ಬರುತ್ತದೆ, ಅದರ ಔಷಧಿಯನ್ನು ಜೊತೆಗೇ ಬರೆಸಿಕೊಳ್ಳಿ. ನೋವು, ಉಸಿರಿನ ಕಷ್ಟ ತಗ್ಗಿಸುವ ಪ್ಯಾಲಿಯೇಟಿವ್ ತಂಡವನ್ನು ಮೊದಲ ದಿನದಿಂದಲೇ ಕಾಣಿ.

ಚಿಕ್ಕಪ್ಪನ ಮಾತಿಗೆ ನಾನು ಒಪ್ಪಲ್ಲ. ಬಾಯ್ಲರ್ ಬಗ್ಗೆ ಅಷ್ಟೆಲ್ಲ ಕೇಳಿದಮೇಲೆ ಅಪ್ಪನಿಗೆ ಏನೂ ಅನುಮಾನ ಬಂದಿಲ್ಲ ಅಂದುಕೊಂಡಿದ್ದೀರಾ? "ನಿಮಗೆ ಎಷ್ಟು ತಿಳಿಯಬೇಕು, ಡಾಕ್ಟರು ನಿಮ್ಮ ಹತ್ತಿರ ಮಾತಾಡಲಾ, ನನ್ನ ಹತ್ತಿರ ಮಾತಾಡಲಾ" ಅಂತ ಅವರನ್ನೇ ಕೇಳಿ.

ಅಮ್ಮನನ್ನು ನೋಡಿಕೊಂಡ ಮಗ:
ಆಪರೇಷನ್ ವಿಷಯ. ಪೊರೆ ಸುಲಿದು ತೆಗೆಯುವ ದೊಡ್ಡ ಆಪರೇಷನ್ ಇದೆ. ಆದರೆ 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಮಾರ್ಸ್ 2 ಅನ್ನೋ, ರೋಗಿಗಳಲ್ಲಿ ಚಿಕಿತ್ಸೆಗಳನ್ನು ಹೋಲಿಸಿ ನೋಡುವ ಪರೀಕ್ಷೆಯಲ್ಲಿ, ಕೀಮೋ ಜೊತೆ ಆಪರೇಷನ್ನೂ ಮಾಡಿಸಿಕೊಂಡವರು ಬರೀ ಕೀಮೋ ತೆಗೆದುಕೊಂಡವರಿಗಿಂತ ಹೆಚ್ಚು ಬದುಕಲಿಲ್ಲ, ತೊಂದರೆಗಳೇ ಜಾಸ್ತಿಯಾದವು. ಯಾರಾದರೂ ಆಪರೇಷನ್ ಅಂದರೆ ಈ ಪರೀಕ್ಷೆಯ ಹೆಸರು ಎತ್ತಿ ಕೇಳಿ, ನಮ್ಮಪ್ಪನಿಗೆ ಯಾಕೆ ಬೇಕು ಅಂತ.

ಔಷಧಿಯಲ್ಲಿ ಹಳೆಯ ಜೋಡಿ ಪೆಮೆಟ್ರೆಕ್ಸೆಡ್, ಸಿಸ್‌ಪ್ಲಾಟಿನ್. ಇದು ಕೀಮೋ. ಇದರ ಜೊತೆ ಫೋಲಿಕ್ ಆಸಿಡ್ ಮಾತ್ರೆ, ಬಿ12 ಇಂಜೆಕ್ಷನ್ ತಪ್ಪಿಸುವ ಹಾಗಿಲ್ಲ. ಹೊಸ ಜೋಡಿ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಇಮ್ಯುನೊಥೆರಪಿ. ಅಮೆರಿಕದಲ್ಲಿ ಇದಕ್ಕೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಆ ಒಪ್ಪಿಗೆಗೆ ಆಧಾರವಾದ ಪರೀಕ್ಷೆಯಲ್ಲಿ ಕೀಮೋ ಗುಂಪಿನ ಮಧ್ಯಮ ಆಯಸ್ಸು 14.1 ತಿಂಗಳು, ಇಮ್ಯುನೊ ಗುಂಪಿನದು 18.1. ಎಪಿಥೆಲಿಯಾಯ್ಡ್ ಅಲ್ಲದ ವಿಧಗಳಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು, ಕೀಮೋಗೆ 8.8, ಇಮ್ಯುನೊಗೆ 18.1. ವರದಿಯಲ್ಲಿ ವಿಧ ನೋಡಿ ಅಂತ ಲ್ಯಾಬಿನವರು ಹೇಳಿದ್ದು ಇದಕ್ಕೇ.

ಸಂಖ್ಯೆ ಹೇಳಿಬಿಟ್ಟೆ, ಹಾಗಾಗಿ ಇದನ್ನೂ ಓದಿ. ಮಧ್ಯಮ ಅಂದರೆ ಅರ್ಧ ಜನ ಅದನ್ನು ದಾಟಿದ್ದಾರೆ ಅಂತ, ಮತ್ತು ದಾಟಿದವರಲ್ಲಿ ಕೆಲವರು ಬಹಳ ದೂರ ಹೋಗಿರುತ್ತಾರೆ. ಸ್ಟೀಫನ್ ಜೇ ಗೂಲ್ಡ್ ಅನ್ನೋ ವಿಜ್ಞಾನಿಗೆ 1982ರಲ್ಲಿ ಹೊಟ್ಟೆಯ ಮೆಸೊಥೆಲಿಯೋಮಾ ಬಂದಾಗ ಮಧ್ಯಮ 8 ತಿಂಗಳು ಅಂತ ಇತ್ತು. ಅವರು ತೀರಿಕೊಂಡದ್ದು 2002ರಲ್ಲಿ, ಅದೂ ಬೇರೆ ಕ್ಯಾನ್ಸರಿನಿಂದ. ಎಲ್ಲರಿಗೂ ಹಾಗಾಗುತ್ತದೆ ಅಂತ ಆಸೆ ಹುಟ್ಟಿಸುತ್ತಿಲ್ಲ. ಇದು ಪೂರ್ತಿ ವಾಸಿಯಾಗುವುದು ತೀರಾ ಅಪರೂಪ. ನಿಮ್ಮ ಅಪ್ಪ ಎಷ್ಟು ಓಡಾಡಿಕೊಂಡಿದ್ದಾರೆ, ತೂಕ ಎಷ್ಟು ಇಳಿದಿದೆ, ವಿಧ ಯಾವುದು, ಇದೆಲ್ಲ ಇಟ್ಟುಕೊಂಡು ಡಾಕ್ಟರು ಹೇಳುವ ಮಾತಿಗೆ ನೆಟ್‌ನಲ್ಲಿ ಸಿಗುವ ಸಂಖ್ಯೆಗಿಂತ ಬೆಲೆ ಜಾಸ್ತಿ.

ಎದೆರೋಗದ ವಾರ್ಡಿನ ನರ್ಸ್:
ಇಮ್ಯುನೊಥೆರಪಿ ಶುರುವಾದರೆ ಅದರ ಅಡ್ಡಪರಿಣಾಮಗಳ ಈ ಪಟ್ಟಿ ಫ್ರಿಜ್ ಬಾಗಿಲಿಗೆ ಅಂಟಿಸಿಡಿ. ಭೇದಿ, ಮೈತುಂಬ ಗಂದೆ, ಒಣ ಕೆಮ್ಮು, ಉಸಿರು ಇದ್ದಕ್ಕಿದ್ದಂತೆ ಜಾಸ್ತಿ ಕಟ್ಟುವುದು, ಹಿಂದೆಂದೂ ಇಲ್ಲದ ಸುಸ್ತು. ಇದರಲ್ಲಿ ಯಾವುದು ಬಂದರೂ ಅಂಗಡಿ ಮಾತ್ರೆ ನುಂಗಿ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ, ಯಾವ ಔಷಧಿ ನಡೀತಿದೆ ಅಂತ ಮೊದಲ ಮಾತಿನಲ್ಲೇ ಹೇಳಿ. ಕೊನೆಯ ಡೋಸ್ ಆಗಿ ತಿಂಗಳುಗಳು ಕಳೆದಿದ್ದರೂ ಹೇಳಿ.